ನೀರಿನ ಕಟ್ಟಳೆ ಮುರಿದರೆ ಓಯಸಿಸ್ ಉಳಿಯದು

ಓಯಸಿಸ್ ಎಂದೊಡನೆ ಶಾಲೆಯ ಭೂಗೋಳ ಪುಸ್ತಕದ ಚಿತ್ರವೊಂದು ನೆನಪಿಗೆ ಬರುತ್ತದೆ. ಸುತ್ತಲೂ ಮರಳು, ನಡುವೆ ಒಂದು ಕೊಳ, ದಡದಲ್ಲಿ ನಾಲ್ಕಾರು ಖರ್ಜೂರದ ಮರ, ನೆರಳಿನಲ್ಲಿ ಮಲಗಿದ ಒಂಟೆ. ದಣಿದ ಪ್ರಯಾಣಿಕರಿಗಾಗಿ ಪ್ರಕೃತಿ ತಾನಾಗಿಯೇ ಒದಗಿಸಿದ ತಂಗುದಾಣವೆಂಬ ಭಾವನೆಯನ್ನು ಆ ಚಿತ್ರ ಮೂಡಿಸುತ್ತದೆ. ವಾಸ್ತವ ಬೇರೆಯೇ ಇದೆ. ಉತ್ತರ ಆಫ್ರಿಕಾದ ಮೊರಾಕ್ಕೊದಿಂದ ಅರೇಬಿಯಾದ ಓಮಾನ್‌ವರೆಗೆ ಹರಡಿರುವ ದೊಡ್ಡ ಓಯಸಿಸ್‌ಗಳಲ್ಲಿ ಬಹುಪಾಲು ರೈತರು ಕಟ್ಟಿದ ತೋಟಗಳು. ಅಲ್ಲಿ ತಾನಾಗಿ ಬೆಳೆದ ಖರ್ಜೂರದ ಮರಕ್ಕಿಂತ ಕೈಯಾರೆ ನೆಟ್ಟ ಮರವೇ ಹೆಚ್ಚು. ನೀರು ತಾನಾಗಿ ಉಕ್ಕುವ ಸ್ಥಳಗಳು ಕೆಲವೇ. ಉಳಿದೆಡೆ ಬೆಟ್ಟದ ಬುಡದಿಂದ ಹೊಲದವರೆಗೆ ನೀರನ್ನು ತಂದವರು ತಲೆತಲಾಂತರದಿಂದ ಗುದ್ದಲಿ ಹಿಡಿದ ಜನ.

ಈ ಸರಳ ಸತ್ಯವನ್ನು ಮರೆತಿರುವುದರಿಂದಲೇ ಓಯಸಿಸ್‌ಗಳ ರಕ್ಷಣೆಯ ಬಗ್ಗೆ ಇಂದು ನಡೆಯುತ್ತಿರುವ ಚರ್ಚೆ ದಾರಿ ತಪ್ಪುತ್ತಿದೆ. ಹವಾಮಾನ ಬದಲಾವಣೆಯಿಂದ ಓಯಸಿಸ್‌ಗಳು ಒಣಗುತ್ತಿವೆ, ಆದ್ದರಿಂದ ಲಕ್ಷಾಂತರ ಹೊಸ ಗಿಡ ನೆಡಬೇಕು, ಹನಿ ನೀರಾವರಿ ಅಳವಡಿಸಬೇಕು ಎಂಬುದು ಸರಕಾರಗಳೂ ನೆರವು ಸಂಸ್ಥೆಗಳೂ ಹೇಳುವ ಮಾತು. ಹವಾಮಾನ ಬದಲಾಗುತ್ತಿರುವುದು ನಿಜ. ಆದರೆ ಓಯಸಿಸ್ ನಿಂತಿರುವುದು ಗಿಡಗಳ ಸಂಖ್ಯೆಯ ಮೇಲಲ್ಲ, ನೀರನ್ನು ಹಂಚಿಕೊಳ್ಳುವ ಕಟ್ಟಳೆಯ ಮೇಲೆ. ಆ ಕಟ್ಟಳೆ ಮುರಿದ ಮೇಲೆ ಎಷ್ಟು ಗಿಡ ನೆಟ್ಟರೂ ಪ್ರಯೋಜನವಿಲ್ಲ. ಮೊರಾಕ್ಕೊ ದೇಶದ ದ್ರಾ ಕಣಿವೆ ಮತ್ತು ತಫಿಲಾಲ್ತ್ ಪ್ರದೇಶಗಳ ಅನುಭವ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ.

ಮೂರು ಅಂತಸ್ತಿನ ತೋಟ

ದ್ರಾ ನದಿ ಅಟ್ಲಾಸ್ ಪರ್ವತಗಳಲ್ಲಿ ಹುಟ್ಟಿ ಸಹಾರಾದ ಅಂಚಿಗೆ ಇಳಿಯುತ್ತದೆ. ಅಗ್ದಜ್ ಪಟ್ಟಣದಿಂದ ಮಹಮೀದ್ ಹಳ್ಳಿಯವರೆಗೆ ಸುಮಾರು 200 ಕಿಲೋಮೀಟರ್ ಉದ್ದಕ್ಕೆ, ಒಂದರ ಕೆಳಗೊಂದರಂತೆ ಆರು ಓಯಸಿಸ್‌ಗಳು ಈ ನದಿಯನ್ನು ನಂಬಿಕೊಂಡಿವೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ 100 ಮಿಲಿಮೀಟರಿಗಿಂತ ಕಡಿಮೆ. ಆಗುಂಬೆಯಲ್ಲಿ ಆಷಾಢದ ಒಂದೇ ದಿನದಲ್ಲಿ ಸುರಿಯುವ ಮಳೆ ಅಲ್ಲಿಯ ಇಡೀ ವರ್ಷದ ಮಳೆಯನ್ನು ಮೀರಬಹುದು. ಬಿಸಿಲು ಹೀರಬಲ್ಲ ನೀರಾದರೋ ಬೀಳುವ ಮಳೆಯ ಹತ್ತಾರು ಪಟ್ಟು. ಇಂಥ ಕಡೆ ಬೇಸಾಯ ಸಾಧ್ಯವಾಗಿರುವುದು ಪರ್ವತದ ಹಿಮ ಕರಗಿ ಬರುವ ನೀರಿನಿಂದ ಮತ್ತು ತೋಟದ ರಚನೆಯಿಂದ.

ಆ ರಚನೆ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಅಪರಿಚಿತವೆನಿಸದು. ಮೇಲಿನ ಅಂತಸ್ತಿನಲ್ಲಿ ಖರ್ಜೂರದ ಮರಗಳ ಕೊಡೆ. ಅದರ ಅಡಿಯಲ್ಲಿ ದಾಳಿಂಬೆ, ಅಂಜೂರ, ಆಲಿವ್, ಬಾದಾಮಿ. ನೆಲಮಟ್ಟದಲ್ಲಿ ಗೋಧಿ, ಜವೆಗೋಧಿ, ಅವರೆಯ ಜಾತಿಯ ಕಾಳುಗಳು, ತರಕಾರಿ, ಗೋರಂಟಿ ಮತ್ತು ಜಾನುವಾರುಗಳಿಗೆ ಲೂಸರ್ನ್ ಮೇವು. ಖರ್ಜೂರದ ಬುಡ ನೀರಿನಲ್ಲಿ, ತಲೆ ಬೆಂಕಿಯಲ್ಲಿ ಇರಬೇಕೆಂಬುದು ಅರಬ್ ರೈತರ ಗಾದೆ. ತಲೆಯ ಮೇಲಿನ ಬೆಂಕಿಯನ್ನು ಮರ ತಾನು ತಾಳಿಕೊಂಡು ಕೆಳಗಿನ ಬೆಳೆಗಳಿಗೆ ನೆರಳು ನೀಡುತ್ತದೆ. ಒಣಗಾಳಿ ತಡೆಯಲ್ಪಡುತ್ತದೆ, ಮಣ್ಣಿನ ತೇವ ಬೇಗನೆ ಆರುವುದಿಲ್ಲ, ಹಗಲಿನ ಉಷ್ಣತೆ ಹೊರಗಿನ ಮರಳಿಗಿಂತ ಎದ್ದು ಕಾಣುವಷ್ಟು ಕಡಿಮೆಯಿರುತ್ತದೆ. ಮೇವು ತಿಂದ ಕುರಿ ಮತ್ತು ಹಸುವಿನ ಗೊಬ್ಬರ ಮರಳಿ ಹೊಲಕ್ಕೇ ಬರುತ್ತದೆ. ಖರ್ಜೂರದ ಗರಿ ಬೇಲಿಯಾಗುತ್ತದೆ, ಕಾಂಡ ಮನೆಯ ತೊಲೆಯಾಗುತ್ತದೆ. ತೋಟದಂಚಿಗೆ ಗರಿಗಳನ್ನು ಸಾಲಾಗಿ ನೆಟ್ಟು ನುಗ್ಗಿ ಬರುವ ಮರಳ ದಿಬ್ಬಗಳನ್ನು ತಡೆಯುವುದೂ ಉಂಟು.

ಈ ಮೂರು ಅಂತಸ್ತುಗಳಲ್ಲಿ ಒಂದು ಹೋದರೂ ಉಳಿದೆರಡು ಸೊರಗುತ್ತವೆ. ಖರ್ಜೂರ ಸತ್ತರೆ ಕೆಳಗಿನ ಬೆಳೆ ಬಿಸಿಲಿಗೆ ಬೇಯುತ್ತದೆ. ಕೆಳಗಿನ ಬೇಸಾಯ ನಿಂತರೆ ಖರ್ಜೂರಕ್ಕೆ ನೀರೂ ಗೊಬ್ಬರವೂ ಸಿಗುವುದಿಲ್ಲ. ನೋಡಿಕೊಳ್ಳುವವರಿಲ್ಲದ ತೋಟದಲ್ಲಿ ಒಣಗರಿಗಳು ರಾಶಿ ಬಿದ್ದು ಬೆಂಕಿಗೆ ಆಹುತಿಯಾಗುತ್ತವೆ. ಆದ್ದರಿಂದ ಓಯಸಿಸ್ ಎಂದರೆ ಮರಗಳ ಗುಂಪಲ್ಲ. ನೀರು, ಮಣ್ಣು, ಬೆಳೆ, ಜಾನುವಾರು ಮತ್ತು ಜನ ಒಂದಕ್ಕೊಂದು ಹೆಣೆದುಕೊಂಡ ವ್ಯವಸ್ಥೆ.

ಹರಿದಷ್ಟೇ ನೀರು

ಈ ವ್ಯವಸ್ಥೆಗೆ ನೀರುಣಿಸಿದ ಹಳೆಯ ವಿಧಾನಗಳಲ್ಲಿ ಮುಖ್ಯವಾದುದು ಖೆತ್ತಾರ. ಇರಾನ್‌ನಲ್ಲಿ ಕನಾತ್ ಎಂದೂ ಓಮಾನ್‌ನಲ್ಲಿ ಫಲಜ್ ಎಂದೂ ಕರೆಯಲಾಗುವ ತಂತ್ರದ ಬಂಧು ಇದು. ಬೆಟ್ಟದ ಬುಡದಲ್ಲಿ ಅಂತರ್ಜಲ ಸಿಗುವಲ್ಲಿ ಒಂದು ತಾಯಿಬಾವಿ. ಅಲ್ಲಿಂದ ತೋಟದವರೆಗೆ ನೆಲದಡಿಯಲ್ಲಿ ಅತ್ಯಲ್ಪ ಇಳಿಜಾರಿನ ಸುರಂಗ. ಮಣ್ಣು ಮೇಲೆತ್ತಲು ಮತ್ತು ಗಾಳಿಯಾಡಲು ಅಲ್ಲಲ್ಲಿ ಲಂಬವಾದ ಬಾವಿಗಳು. ನೀರು ತನ್ನ ಭಾರಕ್ಕೆ ತಾನೇ ಹರಿದು ಬರುತ್ತದೆ. ಎತ್ತುವ ಯಂತ್ರ ಬೇಡ, ಇಂಧನ ಬೇಡ, ಬಿಸಿಲಿಗೆ ಆವಿಯಾಗುವ ನಷ್ಟವೂ ಇಲ್ಲ. 8ನೆಯ ಶತಮಾನದಲ್ಲಿ ಸ್ಥಾಪನೆಯಾಗಿ ಸಹಾರಾ ದಾಟುವ ವ್ಯಾಪಾರದಿಂದ ಹೆಸರಾದ ಸಿಜಿಲ್ಮಾಸಾ ನಗರವಿದ್ದದ್ದು ಇದೇ ತಫಿಲಾಲ್ತ್‌ನಲ್ಲಿ. ಅಲ್ಲಿಯ ಬಯಲಿನಲ್ಲಿ ನೂರಾರು ಖೆತ್ತಾರಗಳ ಮಣ್ಣಿನ ದಿಬ್ಬಗಳು ಸಾಲುಸಾಲಾಗಿ ಇಂದಿಗೂ ಕಾಣಸಿಗುತ್ತವೆ. ಬಹಳಷ್ಟರಲ್ಲಿ ಈಗ ನೀರಿಲ್ಲ.

ಖೆತ್ತಾರದ ದೊಡ್ಡ ಗುಣ ಅದರ ಮಿತಿಯಲ್ಲಿದೆ. ಭೂಮಿ ಕೊಟ್ಟಷ್ಟೇ ನೀರು ಅದರಲ್ಲಿ ಹರಿಯುತ್ತದೆ. ಮಳೆ ಕಡಿಮೆಯಾದ ವರ್ಷ ಹರಿವು ತಗ್ಗುತ್ತದೆ. ಯಾರು ಬಯಸಿದರೂ ಅದರಿಂದ ಹೆಚ್ಚು ನೀರೆಳೆಯಲಾಗದು. ಮಿತಿ ನಿಸರ್ಗದಿಂದಲೇ ಬಂದಿರುವಾಗ ಹಂಚಿಕೆಗೆ ನಿಯಮ ಅನಿವಾರ್ಯ. ಅದಕ್ಕಾಗಿ ಪ್ರತಿ ಕುಟುಂಬಕ್ಕೂ ಇಂತಿಷ್ಟು ಹೊತ್ತಿನ ನೀರಿನ ಸರದಿ ಇತ್ತು. ಕಾಲುವೆ ಮತ್ತು ಸುರಂಗಗಳ ಹೂಳು ತೆಗೆಯುವ ಕೆಲಸದಲ್ಲಿ ಪಾಲುದಾರರೆಲ್ಲರ ದುಡಿಮೆ ಕಡ್ಡಾಯವಾಗಿತ್ತು. ತಕರಾರುಗಳನ್ನು ಊರಿನ ಜಮಾ, ಅಂದರೆ ಹಿರಿಯರ ಸಭೆ ಬಗೆಹರಿಸುತ್ತಿತ್ತು. ಬಯಲುಸೀಮೆಯ ಕೆರೆ ಅಚ್ಚುಕಟ್ಟಿನಲ್ಲಿ ನೀರುಗಂಟಿ ಮಾಡುತ್ತಿದ್ದ ಕೆಲಸವನ್ನು ಅಲ್ಲಿಯೂ ಗೊತ್ತುಪಡಿಸಿದವರು ನಿರ್ವಹಿಸುತ್ತಿದ್ದರು. ಟ್ಯುನೀಷಿಯಾದ ತೋಜರ್ ಓಯಸಿಸ್‌ನಲ್ಲಿ ಇಬ್ನ್ ಶಬ್ಬಾತ್ ಎಂಬ ವಿದ್ವಾಂಸ 13ನೆಯ ಶತಮಾನದಲ್ಲೇ ನೀರು ಹಂಚಿಕೆಯ ಲೆಕ್ಕಾಚಾರವನ್ನು ರೂಪಿಸಿದ್ದ. ಓಮಾನ್‌ನಲ್ಲಿ ಹಗಲು ನೆರಳನ್ನೂ ಇರುಳು ನಕ್ಷತ್ರಗಳನ್ನೂ ನೋಡಿ ಸರದಿ ಬದಲಿಸುತ್ತಿದ್ದರು. 2006ರಲ್ಲಿ ಯುನೆಸ್ಕೋ ಓಮಾನ್‌ನ ಐದು ಫಲಜ್‌ಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆಗ ಆ ದೇಶದಲ್ಲಿ ಸುಮಾರು 3,000 ಫಲಜ್‌ಗಳು ಬಳಕೆಯಲ್ಲಿದ್ದವು.

ಓಮಾನ್‌ನ ಒಂದು ನಿಯಮ ವಿಶೇಷವಾಗಿ ಗಮನಿಸಬೇಕಾದದ್ದು. ಫಲಜ್‌ನ ನೀರು ಊರಿಗೆ ಬಂದಾಗ ಮೊದಲ ಹಕ್ಕು ಕುಡಿಯುವುದಕ್ಕೆ. ಅನಂತರ ಮನೆಬಳಕೆ, ಆಮೇಲೆ ಖರ್ಜೂರದ ತೋಟ, ಕೊನೆಯಲ್ಲಿ ವಾರ್ಷಿಕ ಬೆಳೆಯ ಹೊಲ. ಬರ ಬಂದರೆ ಮೊದಲು ಪಾಳು ಬೀಳುವುದು ಆ ಕೊನೆಯ ಹೊಲ. ಮಳೆ ಚೆನ್ನಾದ ವರ್ಷ ಅದೇ ಹೊಲ ಮತ್ತೆ ಹಸಿರಾಗುತ್ತದೆ. ಬೇಸಾಯದ ವಿಸ್ತೀರ್ಣವನ್ನು ನೀರಿಗೆ ತಕ್ಕಂತೆ ಹಿಗ್ಗಿಸುವ, ಕುಗ್ಗಿಸುವ ಈ ಬಗೆಯನ್ನು ಹವಾಮಾನಕ್ಕೆ ಹೊಂದಿಕೊಳ್ಳುವ ಯೋಜನೆ ಎಂದು ಇಂದು ಕರೆಯಬಹುದು. ಹಳ್ಳಿಗರಿಗೆ ಅದು ವಾಡಿಕೆಯಾಗಿತ್ತು.

ಹಾಗೆಂದು ಹಳೆಯದೆಲ್ಲ ನ್ಯಾಯವಾಗಿತ್ತೆಂದು ಭಾವಿಸಬಾರದು. ಮೊರಾಕ್ಕೊದ ಓಯಸಿಸ್‌ಗಳಲ್ಲಿ ನೀರಿನ ಹೆಚ್ಚಿನ ಪಾಲು ಬಲಾಢ್ಯ ಕುಟುಂಬಗಳ ಕೈಯಲ್ಲಿತ್ತು. ಹರಾತೀನ್ ಎನ್ನಿಸಿಕೊಂಡ ಕಪ್ಪು ವರ್ಣದ ದುಡಿಯುವ ಜನ ತಲೆಮಾರುಗಳ ಕಾಲ ಬೆಳೆಯ ಐದನೆಯ ಒಂದು ಭಾಗಕ್ಕೆ ಗೇಣಿ ದುಡಿದರು. ಸುರಂಗ ತೋಡಿದ ಕೈಗಳಿಗೆ ನೀರಿನ ಮೇಲೆ ಹಕ್ಕಿರಲಿಲ್ಲ. ಆದ್ದರಿಂದ ಹಳೆಯ ಕಟ್ಟಳೆಯನ್ನು ಇದ್ದಂತೆಯೇ ಮರಳಿ ತರುವುದು ಪರಿಹಾರವಲ್ಲ. ಮಿತಿಯನ್ನು ಒಪ್ಪಿಕೊಳ್ಳುವ ಅದರ ವಿವೇಕವನ್ನು ಉಳಿಸಿಕೊಂಡು, ಅದರ ಅಸಮಾನತೆಯನ್ನು ತೊಡೆದುಹಾಕಬೇಕಾಗಿದೆ.

ಆಕಾಶದ ಪಾಲು

ಹವಾಮಾನದ ಆಘಾತವನ್ನು ಕಡೆಗಣಿಸುವಂತಿಲ್ಲ. ಭೂಮಿಯ ಉಷ್ಣತೆ ಏರಿದಂತೆ ಮಳೆ ಕಡಿಮೆಯಾಗುವ ಪ್ರದೇಶಗಳಲ್ಲಿ ಮೆಡಿಟರೇನಿಯನ್ ಸುತ್ತಲಿನ ನಾಡುಗಳೂ ಸೇರಿವೆ ಎಂಬುದರಲ್ಲಿ ವಿಜ್ಞಾನಿಗಳಿಗೆ ಒಮ್ಮತವಿದೆ. ಮೊರಾಕ್ಕೊ 2024ರ ವೇಳೆಗೆ ಸತತ ಆರನೆಯ ಬರದ ವರ್ಷವನ್ನು ಕಂಡಿತ್ತು. ಕುರಿ ಮತ್ತು ದನಗಳ ಸಂಖ್ಯೆ ಎಷ್ಟು ಕುಸಿದಿತ್ತೆಂದರೆ, 2025ರ ಬಕ್ರೀದ್‌ಗೆ ಕುರಿ ಬಲಿ ಕೊಡುವುದನ್ನು ಕೈಬಿಡಬೇಕೆಂದು ಆ ದೇಶದ ದೊರೆಯೇ ಪ್ರಜೆಗಳಲ್ಲಿ ಕೇಳಿಕೊಳ್ಳಬೇಕಾಯಿತು. ಅಟ್ಲಾಸ್ ಪರ್ವತದಲ್ಲಿ ಹಿಮ ತೆಳುವಾದರೆ ಬೇಸಗೆಯ ಹೊಳೆ ಬತ್ತುತ್ತದೆ. ಉಷ್ಣತೆ ಏರಿದರೆ ಅದೇ ಬೆಳೆಗೆ ಹೆಚ್ಚು ನೀರು ಬೇಕಾಗುತ್ತದೆ. ಅಂದರೆ ಆದಾಯ ಇಳಿಯುವಾಗಲೇ ಖರ್ಚು ಏರುತ್ತದೆ.

ಬದಲಾದ ಹವಾಮಾನದ ಇನ್ನೊಂದು ಮುಖ 2024ರ ಸೆಪ್ಟೆಂಬರಿನಲ್ಲಿ ಕಂಡಿತು. ದಕ್ಷಿಣ ಮೊರಾಕ್ಕೊದ ಮರುಭೂಮಿಯಲ್ಲಿ ಭಾರಿ ಮಳೆ ಸುರಿಯಿತು. ಝಗೋರಾದಿಂದ ದಕ್ಷಿಣಕ್ಕಿರುವ ತಗೂನಿತ್ ಹಳ್ಳಿಯಲ್ಲಿ 24 ಗಂಟೆಗಳಲ್ಲಿ 100 ಮಿಲಿಮೀಟರ್ ಮೀರಿದ ಮಳೆ ದಾಖಲಾಯಿತು. ಪ್ರವಾಹದಲ್ಲಿ ಜೀವಹಾನಿಯಾಯಿತು, ಮಣ್ಣಿನ ಮನೆಗಳು ಕುಸಿದವು. ಅರ್ಧ ಶತಮಾನದಿಂದ ಒಣಗಿದ್ದ ಇರೀಕಿ ಸರೋವರದಲ್ಲಿ ನೀರು ನಿಂತ ದೃಶ್ಯ ಉಪಗ್ರಹ ಚಿತ್ರಗಳಲ್ಲಿ ಮೂಡಿತು. ಖರ್ಜೂರ ಮಾಗುವ ಕಾಲದಲ್ಲಿ ಬೀಳುವ ಮಳೆ ಹಣ್ಣಿಗೆ ಹಾನಿಕರ; ಆದರೆ ಅದೇ ಮಳೆ ಅಂತರ್ಜಲಕ್ಕೆ ಅಪರೂಪದ ಔತಣ. ನೀರು ಬರುವುದು ಪೂರ್ತಿ ನಿಲ್ಲುವುದಿಲ್ಲ; ಅದು ವಿರಳವಾಗಿ, ಒಮ್ಮೆಲೇ, ರಭಸದಿಂದ ಬರುತ್ತದೆ. ಬಂದಾಗ ಅದನ್ನು ಹಿಡಿದಿಡುವ ಸಿದ್ಧತೆ ಇದೆಯೇ ಎಂಬುದೇ ಪ್ರಶ್ನೆ.

ಪಂಪಿನ ಪಾಲು

ಇರೀಕಿ ಸರೋವರ ಅರ್ಧ ಶತಮಾನದ ಹಿಂದೆ ಒಣಗಿದ್ದೇಕೆ ಎಂದು ಕೇಳಿದರೆ ಆಕಾಶವನ್ನಷ್ಟೇ ದೂರಲಾಗದು. 1972ರಲ್ಲಿ ವಾರ್ಜಾಜಾತ್ ಪಟ್ಟಣದ ಬಳಿ ದ್ರಾ ನದಿಗೆ ಅಲ್ ಮನ್ಸೂರ್ ಅದ್ದಹಬಿ ಅಣೆಕಟ್ಟು ಕಟ್ಟಲಾಯಿತು. ಅದರ ಹಿಂದಿನ ವರ್ಷವೇ, 1965ರ ಭೀಕರ ಪ್ರವಾಹದ ನೆನಪಿನಲ್ಲಿ, ತಫಿಲಾಲ್ತ್‌ಗೆ ನೀರು ತರುವ ಜಿಜ್ ನದಿಗೂ ಹಸನ್ ಅದ್ದಾಖಿಲ್ ಅಣೆಕಟ್ಟು ಎದ್ದಿತ್ತು. ಪ್ರವಾಹ ತಡೆಯುವುದು ಮತ್ತು ವರ್ಷವಿಡೀ ನೀರು ಕೊಡುವುದು ಉದ್ದೇಶ. ಆದರೆ ಹಿಂದೆ ಪ್ರವಾಹವೇ ಕಣಿವೆಯುದ್ದಕ್ಕೂ ಹರಿದು ಅಂತರ್ಜಲವನ್ನು ತುಂಬುತ್ತಿತ್ತು, ಹೊಲಕ್ಕೆ ಮೆಕ್ಕಲು ಮಣ್ಣು ತರುತ್ತಿತ್ತು. ಈಗ ಆ ಮಣ್ಣು ಜಲಾಶಯದಲ್ಲಿ ಹೂಳಾಗಿ ಕುಳಿತಿದೆ. ವರ್ಷಕ್ಕೆ ಕೆಲವು ಬಾರಿ ಬಾಗಿಲು ತೆರೆದು ಬಿಡುವ ನೀರನ್ನು ಕೆಳಗಿನವರು ಕಾಯಬೇಕು. ಬರದ ವರ್ಷಗಳಲ್ಲಿ ಆ ಬಿಡುಗಡೆಯೂ ಕ್ಷೀಣಿಸುತ್ತದೆ. ಎಲ್ಲರಿಗಿಂತ ಕೊನೆಯಲ್ಲಿರುವ ಮಹಮೀದ್‌ನಲ್ಲಿ ಮರಳು ತೋಟಗಳಿಗೆ ನುಗ್ಗಿದೆ, ಯುವಕರು ಪಟ್ಟಣಗಳಿಗೆ ಹೊರಟುಹೋಗಿದ್ದಾರೆ.

ನದಿ ಕೈಕೊಟ್ಟಾಗ ರೈತ ಪಂಪಿಗೆ ಶರಣಾದದ್ದು ಸಹಜ. ಮೊದಲು ಡೀಸೆಲ್, ಆಮೇಲೆ ವಿದ್ಯುತ್, ಈಗ ಸೌರ ಫಲಕ. ಒಬ್ಬನ ಪಂಪು ನೀರಿನ ಮಟ್ಟವನ್ನು ಇಳಿಸಿದರೆ ಪಕ್ಕದವನೂ ಬಾವಿ ಆಳಗೊಳಿಸಬೇಕು. ನೀರಿನ ಮಟ್ಟ ಖೆತ್ತಾರದ ಸುರಂಗಕ್ಕಿಂತ ಕೆಳಗಿಳಿದ ದಿನ ಇಡೀ ಊರಿನ ಹರಿವು ನಿಲ್ಲುತ್ತದೆ. ಖೆತ್ತಾರದಲ್ಲಿ ಹೆಚ್ಚು ಪಾಲುಳ್ಳವನೂ ಕಡಿಮೆ ಪಾಲುಳ್ಳವನೂ ಒಂದೇ ಹರಿವನ್ನು ಅವಲಂಬಿಸಿದ್ದರು. ಪಂಪು ಬಂದ ಮೇಲೆ ಹಣವಿದ್ದವನಿಗೆ ಊರಿನ ಸರದಿ ಬೇಕಿಲ್ಲ, ಆದ್ದರಿಂದ ಹೂಳು ತೆಗೆಯುವ ದುಡಿಮೆಗೂ ಅವನು ಬರುವುದಿಲ್ಲ. ಸಣ್ಣ ರೈತ ತನ್ನ ಪಾಲಿನ ಪತ್ರ ಹಿಡಿದು ಒಣ ಸುರಂಗದ ಬಾಯಲ್ಲಿ ನಿಲ್ಲಬೇಕಾಗುತ್ತದೆ. ಸೌರ ಪಂಪನ್ನು ಪರಿಸರಸ್ನೇಹಿ ಎಂದು ಹೊಗಳುವವರು ಒಂದು ಮಾತು ನೆನಪಿಡಬೇಕು. ಡೀಸೆಲ್ ಬೆಲೆ ಒಂದು ಕಡಿವಾಣವಾದರೂ ಆಗಿತ್ತು. ಸೂರ್ಯನ ಬೆಳಕಿಗೆ ಬಿಲ್ ಬರುವುದಿಲ್ಲ, ಹಾಗಾಗಿ ಪಂಪು ನಿಲ್ಲಿಸಲು ಕಾರಣವೂ ಇರುವುದಿಲ್ಲ.

ಝಗೋರಾದ ಪಕ್ಕದ ಫೈಜಾ ಬಯಲಿನಲ್ಲಿ ನಡೆದದ್ದು ಇದಕ್ಕೆ ನಿದರ್ಶನ. ಅಲ್ಲಿಯ ಬಿಸಿಲಿನಲ್ಲಿ ಕಲ್ಲಂಗಡಿ ಬೇರೆಡೆಗಿಂತ ಮುಂಚೆ ಮಾಗುತ್ತದೆ. ಯುರೋಪಿನ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆ ಸಿಗುತ್ತದೆ. ಕೊಳವೆ ಬಾವಿಗಳು ಸಾಲುಗಟ್ಟಿ ಎದ್ದವು, ಕುಡಿಯುವ ನೀರಿಗೂ ಆಧಾರವಾಗಿದ್ದ ಅಂತರ್ಜಲ ಕುಸಿಯಿತು. 2017ರಲ್ಲಿ ಝಗೋರಾದ ಜನ ಕುಡಿಯುವ ನೀರಿಗಾಗಿ ಬೀದಿಗಿಳಿದರು, ಬಂಧನಗಳೂ ನಡೆದವು. ಆಮೇಲಿನ ಬರದ ವರ್ಷಗಳಲ್ಲಿ ಆಡಳಿತವೇ ಕಲ್ಲಂಗಡಿ ಬೆಳೆಯ ಮೇಲೆ ನಿರ್ಬಂಧ ಹೇರಬೇಕಾಯಿತು. ವರ್ಷಕ್ಕೆ 100 ಮಿಲಿಮೀಟರ್ ಮಳೆ ಕಾಣದ ನಾಡು ತನ್ನ ನೆಲದಡಿಯ ನೀರನ್ನು ಹಣ್ಣಿನ ರೂಪದಲ್ಲಿ ಹೊರದೇಶಕ್ಕೆ ಕಳುಹಿಸಿತು. ಇದನ್ನು ಹವಾಮಾನ ವೈಪರೀತ್ಯ ಎಂದು ಕರೆಯುವುದು ಸತ್ಯವನ್ನು ಮರೆಮಾಚಿದಂತೆ.

ಗಿಡ ನೆಡುವ ಅಭಿವೃದ್ಧಿ

ಮೊರಾಕ್ಕೊ ಸರಕಾರ ಕೈಕಟ್ಟಿ ಕುಳಿತಿಲ್ಲ. 2008ರಲ್ಲಿ ಆರಂಭವಾದ ಹಸಿರು ಮೊರಾಕ್ಕೊ ಯೋಜನೆಯಡಿ 2020ರೊಳಗೆ 30 ಲಕ್ಷ ಖರ್ಜೂರದ ಗಿಡ ನೆಡುವ ಗುರಿಯಿತ್ತು, ಅದು ಈಡೇರಿತು ಕೂಡ. ಓಯಸಿಸ್ ಪ್ರದೇಶಗಳಿಗಾಗಿಯೇ ಒಂದು ರಾಷ್ಟ್ರೀಯ ಸಂಸ್ಥೆ ಸ್ಥಾಪನೆಯಾಗಿದೆ. 2016ರಲ್ಲಿ ಮರ್ರಾಕೇಶ್‌ನಲ್ಲಿ ನಡೆದ ಹವಾಮಾನ ಸಮ್ಮೇಳನದಲ್ಲಿ ಓಯಸಿಸ್‌ಗಳ ಸುಸ್ಥಿರತೆಗಾಗಿ ಅಂತರರಾಷ್ಟ್ರೀಯ ಉಪಕ್ರಮವೊಂದನ್ನೂ ಆ ದೇಶ ಮುಂದಿಟ್ಟಿತು. ಹಳೆಯ ತೋಟಗಳಲ್ಲಿ ಸತ್ತ ಮರಗಳ ಜಾಗದಲ್ಲಿ ನೆಟ್ಟ ಗಿಡಗಳು ಸ್ವಾಗತಾರ್ಹ. ಆದರೆ ಹಳೆಯ ಓಯಸಿಸ್‌ಗಳ ಹೊರಗೆ, ಬೂದ್ನೀಬ್‌ನಂಥ ಕಡೆ, ಮರುಭೂಮಿಯನ್ನು ಸಮತಟ್ಟು ಮಾಡಿ ಎಬ್ಬಿಸಿದ ದೊಡ್ಡ ತೋಟಗಳ ಕಥೆ ಬೇರೆ. ಅವು ಓಯಸಿಸ್‌ಗಳಲ್ಲ, ಕೊಳವೆ ಬಾವಿಯ ನೀರಿನಲ್ಲಿ ಒಂದೇ ತಳಿಯನ್ನು ಸಾಲಾಗಿ ಬೆಳೆಸುವ ಎಸ್ಟೇಟುಗಳು. ಬೆಳೆದ ಖರ್ಜೂರದ ತೋಟಕ್ಕೆ ಮರುಭೂಮಿಯಲ್ಲಿ ಹೆಕ್ಟೇರಿಗೆ ವರ್ಷಕ್ಕೆ 10,000 ಘನ ಮೀಟರಿಗೂ ಹೆಚ್ಚು ನೀರು ಬೇಕು. ಆ ನೀರು ಹೊಸದಾಗಿ ಹುಟ್ಟಿ ಬರುವುದಿಲ್ಲ.

ಇಲ್ಲಿ ನೆಡುವ ತಳಿ ಬಹುತೇಕ ಮೆಜೂಲ್. ಕರ್ನಾಟಕದ ಪಟ್ಟಣಗಳ ಅಂಗಡಿಗಳಲ್ಲೂ ದೊಡ್ಡ ಗಾತ್ರದ, ಮೆತ್ತನೆಯ ಈ ಹಣ್ಣು ಈಗ ಕಾಣಸಿಗುತ್ತದೆ. ಇದರ ತವರು ತಫಿಲಾಲ್ತ್. 19ನೆಯ ಶತಮಾನದ ಕೊನೆಯ ಭಾಗದಲ್ಲಿ ದ್ರಾ ಕಣಿವೆಯಲ್ಲಿ ಕಾಣಿಸಿಕೊಂಡ ಬಯೂದ್ ಎಂಬ ರೋಗ ಮುಂದಿನ ನೂರು ವರ್ಷಗಳಲ್ಲಿ ಮೊರಾಕ್ಕೊದ ಖರ್ಜೂರದ ಮರಗಳಲ್ಲಿ ಸುಮಾರು ಮೂರನೆಯ ಎರಡು ಭಾಗವನ್ನು ನಾಶಪಡಿಸಿತು. ಮಣ್ಣಿನಲ್ಲಿ ಬದುಕುವ ಫ್ಯುಸೇರಿಯಂ ಶಿಲೀಂಧ್ರ ಬೇರಿನ ಮೂಲಕ ಒಳಹೊಕ್ಕು ಗರಿಗಳನ್ನು ಬಿಳಿಚಿಸಿ ಮರವನ್ನೇ ಕೊಲ್ಲುತ್ತದೆ. ಬಾಳೆಯ ಪನಾಮಾ ರೋಗವನ್ನು ಕಂಡವರಿಗೆ ಇದರ ಬಗೆ ತಿಳಿದೀತು. ಈ ರೋಗದ ಬಗ್ಗೆ ಸಲಹೆ ನೀಡಲು 1927ರಲ್ಲಿ ಬಂದಿದ್ದ ಅಮೆರಿಕದ ಸಸ್ಯವಿಜ್ಞಾನಿ ವಾಲ್ಟರ್ ಸ್ವಿಂಗಲ್ ಬೂದ್ನೀಬ್‌ನಿಂದ ರೋಗವಿಲ್ಲದ 11 ಕಂದುಗಳನ್ನು ತನ್ನ ದೇಶಕ್ಕೆ ಒಯ್ದರು. ಬದುಕಿ ಉಳಿದ 9 ಕಂದುಗಳಿಂದ ಅಲ್ಲಿಯ ಮೆಜೂಲ್ ತೋಟಗಳೆಲ್ಲ ಬೆಳೆದವು. ಈಗ ಅದೇ ತಳಿ ಅಂಗಾಂಶ ಕೃಷಿಯ ಸಸಿಯಾಗಿ ತವರಿನಲ್ಲಿ ಲಕ್ಷಗಟ್ಟಲೆ ನೆಡಲ್ಪಡುತ್ತಿದೆ. ಮೆಜೂಲ್‌ಗೆ ಬಯೂದ್ ತಡೆಯುವ ಶಕ್ತಿಯಿಲ್ಲ ಎಂಬುದು ಮಾತ್ರ ಬದಲಾಗಿಲ್ಲ.

ರೋಗ ತಡೆಯುವ ಗುಣ ಸಿಕ್ಕಿದ್ದು ಎಲ್ಲಿ? ರೈತರ ಹಿತ್ತಿಲಲ್ಲಿ ಬೀಜದಿಂದ ತಾನಾಗಿ ಹುಟ್ಟಿದ, ಖಲ್ತ್ ಎಂದು ಕರೆಯಲಾಗುವ, ಮಾರುಕಟ್ಟೆಯಲ್ಲಿ ಬೆಲೆಯಿಲ್ಲದ ಮರಗಳಲ್ಲಿ. ಮೊರಾಕ್ಕೊದ ಕೃಷಿ ಸಂಶೋಧನಾ ಸಂಸ್ಥೆ ಇಂಥ ಮರಗಳನ್ನು ಜಾಲಾಡಿ ಆರಿಸಿದ್ದೇ ನಜ್ದಾ ತಳಿ. ರೋಗವನ್ನೂ ತಡೆಯುತ್ತದೆ, ಹಣ್ಣೂ ಚೆನ್ನಾಗಿದೆ. ಹಳೆಯ ಓಯಸಿಸ್‌ಗಳು ಅಳಿದರೆ ನಾಳೆಯ ರೋಗಕ್ಕೂ ನಾಳಿನ ಬಿಸಿಲಿಗೂ ಉತ್ತರ ಹುಡುಕಬೇಕಾದ ಈ ಬೀಜಭಂಡಾರವೇ ಅಳಿದಂತೆ.

ಹನಿ ನೀರಾವರಿಯ ವಿಷಯದಲ್ಲೂ ಎಚ್ಚರ ಬೇಕು. ಒಂದು ಗಿಡಕ್ಕೆ ಬಳಸುವ ನೀರನ್ನು ಅದು ಉಳಿಸುತ್ತದೆ, ನಿಜ. ಆದರೆ ಉಳಿದ ನೀರು ಭೂಮಿಯಲ್ಲೇ ಉಳಿಯಬೇಕೆಂಬ ನಿಯಮವಿಲ್ಲದಿದ್ದರೆ ರೈತ ಅದರಿಂದ ಇನ್ನಷ್ಟು ಜಮೀನಿಗೆ ನೀರುಣಿಸುತ್ತಾನೆ. ಸಬ್ಸಿಡಿಯ ಹಣ ಉಳಿತಾಯದ ಬದಲು ವಿಸ್ತರಣೆಗೆ ದಾರಿಯಾಗುತ್ತದೆ. ಹಾಯಿನೀರಿನಲ್ಲಿ ಇಂಗಿದ ಹೆಚ್ಚುವರಿ ನೀರು ನೆರೆಯವನ ಬಾವಿಗೆ ಸೇರುತ್ತಿತ್ತು, ಮಣ್ಣಿನ ಉಪ್ಪನ್ನೂ ತೊಳೆಯುತ್ತಿತ್ತು. ಉಪ್ಪುನೀರಿನ ನೆಲದಲ್ಲಿ ಹನಿ ನೀರನ್ನಷ್ಟೇ ಕೊಟ್ಟರೆ ಉಪ್ಪು ಬೇರಿನ ಸುತ್ತಲೇ ಶೇಖರವಾಗುತ್ತದೆ. ದ್ರಾ ಕಣಿವೆಯ ಕೆಳಭಾಗದಲ್ಲಿ ಬಾವಿನೀರು ಈಗಾಗಲೇ ಉಪ್ಪಾಗುತ್ತಿದೆ.

ನೀರು ಹೆಚ್ಚಾದರೂ ಅಪಾಯ

ನೀರು ತರುವ ತಂತ್ರವೊಂದಿದ್ದರೆ ಸಾಕು ಎಂಬ ನಂಬಿಕೆ ಎಷ್ಟು ಹುಸಿ ಎಂಬುದಕ್ಕೆ ನೆರೆಯ ಅಲ್ಜೀರಿಯಾದ ಸೂಫ್ ಪ್ರದೇಶವನ್ನು ನೋಡಬೇಕು. ಅಲ್ಲಿಯ ರೈತರು ಮರಳಿನಲ್ಲಿ ದೊಡ್ಡ ಬಟ್ಟಲಿನಾಕಾರದ ಗುಂಡಿ ತೋಡಿ, ಬೇರು ನೇರವಾಗಿ ಅಂತರ್ಜಲಕ್ಕೆ ತಲುಪುವಂತೆ ಖರ್ಜೂರ ನೆಡುತ್ತಿದ್ದರು. ಘೌತ್ ಎಂಬ ಈ ಪದ್ಧತಿಯಲ್ಲಿ ನೀರು ಹಾಯಿಸುವ ಕೆಲಸವೇ ಇಲ್ಲ. ನುಗ್ಗುವ ಮರಳನ್ನು ಹೊತ್ತು ಹೊರಹಾಕುವುದೇ ನಿತ್ಯದ ದುಡಿಮೆ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಅತಿ ಆಳದ ಕೊಳವೆ ಬಾವಿಗಳಿಂದ ಪಟ್ಟಣಕ್ಕೂ ಹೊಸ ಹೊಲಗಳಿಗೂ ನೀರು ಬಂತು. ಬಳಸಿದ ನೀರು ಹೊರಹೋಗಲು ಚರಂಡಿಯಾಗಲಿ ಬಸಿಗಾಲುವೆಯಾಗಲಿ ಇರಲಿಲ್ಲ. ಅದು ಮರಳಿಗಿಳಿದು ಮೇಲ್ಪದರದ ಅಂತರ್ಜಲವನ್ನು ಏರಿಸಿತು. ಗುಂಡಿಗಳಲ್ಲಿ ಕೊಳಕು ನೀರು ನಿಂತು ಸಾವಿರಾರು ಖರ್ಜೂರದ ಮರಗಳು ಬೇರು ಕೊಳೆತು ಸತ್ತವು. ಮರುಭೂಮಿಯಲ್ಲಿ ಮರಗಳು ನೀರಿನಲ್ಲಿ ಮುಳುಗಿ ಸತ್ತದ್ದು ವಿಪರ್ಯಾಸ.

ಆ ಆಳದ ನೀರು ಅಲ್ಜೀರಿಯಾ, ಟ್ಯುನೀಷಿಯಾ ಮತ್ತು ಲಿಬಿಯಾ ಮೂರು ದೇಶಗಳಡಿಯಲ್ಲಿ ಹರಡಿರುವ ಜಲಭಂಡಾರದ್ದು. ಬಹುಪಾಲು ಸಾವಿರಾರು ವರ್ಷಗಳ ಹಿಂದಿನ ಮಳೆಯ ಕಾಲದಲ್ಲಿ ಇಂಗಿದ ನೀರು. ವರ್ಷಕ್ಕೆ ಮರುಪೂರಣವಾಗುವುದರ ಎರಡು ಪಟ್ಟಿಗೂ ಹೆಚ್ಚು ನೀರನ್ನು ಈಗ ಮೇಲೆತ್ತಲಾಗುತ್ತಿದೆ. ಕೂಡಿಟ್ಟ ಆಸ್ತಿಯನ್ನು ಕರಗಿಸುವುದನ್ನು ಅಭಿವೃದ್ಧಿಯೆನ್ನಲಾಗದು.

ಕನ್ನಡ ನಾಡಿನ ನಂಟು

ಮರುಭೂಮಿಯ ಈ ವಿದ್ಯಮಾನಕ್ಕೂ ಕರ್ನಾಟಕಕ್ಕೂ ನಂಟಿದೆ. 15ನೆಯ ಶತಮಾನದಲ್ಲಿ, ಬಹಮನಿ ಸುಲ್ತಾನರ ಆಳ್ವಿಕೆಯಲ್ಲಿ, ಪರ್ಷಿಯಾದ ಜಲತಂತ್ರ ಬೀದರ್‌ಗೆ ಬಂತು. ಅಲ್ಲಿಯ ನೌಬಾದ್ ಕರೇಜ್ ಜಂಬಿಟ್ಟಿಗೆಯ ಪದರವನ್ನು ಕೊರೆದು ಮಾಡಿದ ಸುರಂಗ, ಖೆತ್ತಾರದ ಒಡಹುಟ್ಟು. ಅದೇ ತತ್ತ್ವದ ಅಡ್ಡ ಸುರಂಗಗಳು ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಗುಡ್ಡಗಳಲ್ಲಿ ಇಂದಿಗೂ ಅಡಿಕೆ ತೋಟಗಳಿಗೆ ನೀರುಣಿಸುತ್ತಿವೆ. ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ತೋಡಿ ತೋಟ ಎಬ್ಬಿಸಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಅವರ ದುಡಿಮೆಯನ್ನು ಗೌರವಿಸುವ ನಾಡು ಸುರಂಗದ ಮಗ್ಗುಲಲ್ಲೇ ಕೊಳವೆ ಬಾವಿ ಕೊರೆಯುವುದನ್ನು ಮಾತ್ರ ನಿಲ್ಲಿಸಿಲ್ಲ. ತಫಿಲಾಲ್ತ್‌ನ ಖೆತ್ತಾರ ಬತ್ತಿದ ಬಗೆಯನ್ನು ಗುಡ್ಡದ ರೈತರು ಅರಿಯಬೇಕಾದದ್ದು ಇದಕ್ಕಾಗಿ.

ಇನ್ನೊಂದು ನಂಟು ಕೆಂಪು ಮೂತಿ ಹುಳುವಿನದು. ತೆಂಗಿನ ಸುಳಿ ಮತ್ತು ಕಾಂಡವನ್ನು ಕೊರೆಯುವ ಈ ಕೀಟ ಮೂಲತಃ ದಕ್ಷಿಣ ಮತ್ತು ಆಗ್ನೇಯ ಏಷ್ಯಾದ್ದು. 1980ರ ದಶಕದಲ್ಲಿ ಅದು ಕೊಲ್ಲಿ ರಾಷ್ಟ್ರಗಳ ಖರ್ಜೂರದ ತೋಟಗಳಲ್ಲಿ ಕಾಣಿಸಿಕೊಂಡು, ಮುಂದೆ ಉತ್ತರ ಆಫ್ರಿಕಾಕ್ಕೂ ಹರಡಿತು. ಸಸಿ ಸಾಗಣೆಯ ವ್ಯಾಪಾರ ಹೆಚ್ಚಿದಷ್ಟೂ ಇಂಥ ಅತಿಥಿಗಳ ಸಂಚಾರವೂ ಹೆಚ್ಚುತ್ತದೆ.

ಆಗಬೇಕಾದದ್ದೇನು?

ಓಯಸಿಸ್‌ಗಳನ್ನು ಉಳಿಸಬೇಕಾದರೆ ಕೆಲಸದ ಕ್ರಮವೇ ಬದಲಾಗಬೇಕು. ಮೊದಲು ಪಂಪಿಗೆ ಮಿತಿ, ಆಮೇಲೆ ಗಿಡ. ಪ್ರತಿ ಕೊಳವೆ ಬಾವಿಗೂ ಮಾಪಕವಿರಬೇಕು. ಅಂತರ್ಜಲ ಇಳಿಯುತ್ತಿರುವಲ್ಲಿ ಹಳೆಯ ತೋಟದ ಹೊರಗೆ ಹೊಸ ಜಮೀನು ಸಾಗುವಳಿಗೆ ಅನುಮತಿ ನೀಡಬಾರದು. ಹನಿ ನೀರಾವರಿಗೆ ಸಬ್ಸಿಡಿ ಪಡೆದವರು ನೀರೆತ್ತುವ ಪ್ರಮಾಣವನ್ನು ಇಳಿಸಿದ್ದನ್ನು ತೋರಿಸಬೇಕು. ಮೊರಾಕ್ಕೊದ 2016ರ ಜಲ ಕಾಯ್ದೆಯಲ್ಲಿ ಬಳಕೆದಾರರೂ ಸರಕಾರವೂ ಸೇರಿ ಅಂತರ್ಜಲದ ಒಪ್ಪಂದ ಮಾಡಿಕೊಳ್ಳಲು ಅವಕಾಶವಿದೆ. ಆ ಒಪ್ಪಂದದ ಮೇಜಿನಲ್ಲಿ ಎಸ್ಟೇಟಿನ ಒಡೆಯರ ಜೊತೆಗೆ ಕಾಲುವೆಯ ಕೊನೆಯ ಹಳ್ಳಿಯವರೂ, ಮೇವು ಕೊಯ್ಯುವ ಹೆಂಗಸರೂ, ಭೂಮಿಯಿಲ್ಲದ ದುಡಿಮೆಗಾರರೂ ಕುಳಿತಿರಬೇಕು. ಹಳೆಯ ಜಮಾದಲ್ಲಿ ಅವರಿಗೆ ಸ್ಥಾನವಿರಲಿಲ್ಲ. ಹೊಸದರಲ್ಲೂ ಇಲ್ಲವಾದರೆ ಅನ್ಯಾಯ ಹೆಸರು ಬದಲಿಸಿಕೊಂಡಂತಾಗುತ್ತದೆ.

ಎರಡನೆಯದಾಗಿ, ಪ್ರವಾಹದ ನೀರನ್ನು ಇಂಗಿಸುವ ಸಣ್ಣ ಒಡ್ಡುಗಳಿಗೂ ಖೆತ್ತಾರಗಳ ದುರಸ್ತಿಗೂ ಅಣೆಕಟ್ಟಿಗೆ ಸಿಗುವ ಮಹತ್ವ ಸಿಗಬೇಕು. 2024ರಂಥ ಮಳೆ ಮತ್ತೆ ಬಂದೇ ಬರುತ್ತದೆ. ಮೂರನೆಯದಾಗಿ, ಬರದ ವರ್ಷದಲ್ಲಿ ಯಾವ ಬೆಳೆ ಮೊದಲು ನಿಲ್ಲಬೇಕು ಎಂಬುದನ್ನು ಓಮಾನ್‌ನ ಹಳ್ಳಿಗಳಂತೆ ಮುಂಚಿತವಾಗಿಯೇ ಗೊತ್ತುಪಡಿಸಬೇಕು. ಬಾವಿ ಬತ್ತಿದ ಮೇಲೆ ಹೊರಡುವ ನಿಷೇಧದ ಆದೇಶ ಯಾರನ್ನೂ ಕಾಪಾಡದು. ನಾಲ್ಕನೆಯದಾಗಿ, ಮೆಜೂಲ್ ಒಂದಕ್ಕೇ ಜೋತು ಬೀಳದೆ ನಜ್ದಾದಂಥ ತಳಿಗಳಿಗೂ ಖಲ್ತ್ ಮರಗಳಿಗೂ ತೋಟದಲ್ಲಿ ಜಾಗ ಕೊಡಬೇಕು. ಸಣ್ಣ ರೈತರ ಮಿಶ್ರ ತಳಿಯ ಹಣ್ಣಿಗೆ ಸಹಕಾರ ಸಂಘಗಳ ಮೂಲಕ ನ್ಯಾಯವಾದ ಬೆಲೆ ದೊರೆಯಬೇಕು. ಆದಾಯವಿಲ್ಲದ ತೋಟದಲ್ಲಿ ಯುವಕರು ಉಳಿಯುವುದಿಲ್ಲ, ಯುವಕರಿಲ್ಲದ ಊರಿನಲ್ಲಿ ಸುರಂಗದ ಹೂಳು ತೆಗೆಯುವವರಿರುವುದಿಲ್ಲ.

ಇವೆಲ್ಲ ಉತ್ಪಾದನೆಗೆ ಅಡ್ಡಿಯೆಂದೂ, ಎಸ್ಟೇಟುಗಳಿಂದ ಉದ್ಯೋಗವೂ ವಿದೇಶಿ ವಿನಿಮಯವೂ ದೊರೆಯುತ್ತವೆಯೆಂದೂ ಯೋಜನಾಕಾರರು ವಾದಿಸುತ್ತಾರೆ. ಉದ್ಯೋಗ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇಪ್ಪತ್ತೋ ಮೂವತ್ತೋ ವರ್ಷ ಪಂಪು ಓಡಿಸಿ, ನೀರು ಮುಗಿದ ಮೇಲೆ ಬಂಡವಾಳ ಬೇರೆಡೆಗೆ ಹೋಗಬಹುದು. ಸಾವಿರ ವರ್ಷ ಅಲ್ಲೇ ಬಾಳಿದ ಊರು ಎಲ್ಲಿಗೂ ಹೋಗಲಾರದು. ಲಾಭವನ್ನು ಅಳೆಯುವಾಗ ಈ ಎರಡನೆಯ ಲೆಕ್ಕವನ್ನೂ ಬರೆದುಕೊಳ್ಳಬೇಕು.

ಬಿಸಿಯೇರುತ್ತಿರುವ ಭೂಮಿಯಲ್ಲಿ ನೀರಿನ ಅಭಾವ ಓಯಸಿಸ್‌ನಾಚೆಗೂ ಹಬ್ಬಲಿದೆ. ಅತ್ಯಲ್ಪ ನೀರಿನಲ್ಲಿ ಅತಿ ಹೆಚ್ಚು ಕಾಲ ಬಾಳಿದ ಜನರ ಬಳಿ ಜಗತ್ತಿಗೆ ಕಲಿಸಬೇಕಾದ ಪಾಠವಿದೆ. ಇರುವ ನೀರನ್ನು ಮೊದಲು ಅಳೆಯಬೇಕು, ಅಳೆದದ್ದನ್ನು ನ್ಯಾಯವಾಗಿ ಹಂಚಬೇಕು, ಹಂಚಿದ ಮೇಲೆ ಉಳಿದಷ್ಟರಲ್ಲೇ ಬೆಳೆಯನ್ನು ಆರಿಸಬೇಕು. ಈ ಕ್ರಮವನ್ನು ತಲೆಕೆಳಗು ಮಾಡಿದ ಕಡೆಯಲ್ಲೆಲ್ಲ, ಮರಳುಗಾಡಿರಲಿ ಮಳೆನಾಡಿರಲಿ, ಬಾವಿಯ ತಳ ಕಾಣುವ ದಿನ ದೂರವಿರುವುದಿಲ್ಲ.